ಎಂಜಿನ್ ಹೋಗಿದೆ ಅಂದ ಸ್ಕೂಟರ್: ಕೊಳ್ಳುವ ಮುಂಚೆ ಶಕ್ತಿ ಅಳೆದ ಒಂದು ಪ್ರಕರಣ

ನನ್ನದು ಬಳ್ಳಾರಿಯಲ್ಲಿ ಟೂ ವೀಲರ್ ಗ್ಯಾರೇಜ್. 2025ರ ಮಾರ್ಚ್‌ನಲ್ಲಿ ಒಂದು ದಿನ ಶಟರ್ ಎತ್ತುವ ಹೊತ್ತಿಗೇ ಅಕ್ಕನ ಮಗ ಬಂದು ನಿಂತಿದ್ದ. ಅವನಿಗೆ ಕುರುಗೋಡಿನಲ್ಲಿ ಕೆಲಸ. ದಿನಾ ಬಸ್ಸಿಗೆ ಕಾದು ಸಾಕಾಗಿತ್ತು.

"ಮಾಮಾ, ಒಂದು ಯಮಹಾ ಏರಾಕ್ಸ್ ಸ್ಕೂಟರ್ ನೋಡಿದೀನಿ. 2022ರ ಮಾಡೆಲ್. 85 ಸಾವಿರ ಹೇಳ್ತಾರೆ. ನೋಡಾಕೆ ಭಾಳ ಚೆನ್ನಾಗೈತೆ. ಆದ್ರೆ ಎಳೀತಾನೇ ಇಲ್ಲ."

ಅಷ್ಟರಲ್ಲಿ ಅವನು ಇಬ್ಬರನ್ನು ಕೇಳಿಯಾಗಿತ್ತು. ಒಬ್ಬರು ಓಡಿಸಿ ನೋಡಿ "ಬೋರ್ ಹೋಗೈತೆ, ಕೈ ಹಚ್ಚಬೇಡ" ಅಂದಿದ್ದರು. ಅಂದರೆ ಎಂಜಿನ್ನಿನ ಸಿಲಿಂಡರ್ ಒಳಗೆ ಸವೆದಿದೆ ಅಂತ. ಇನ್ನೊಬ್ಬರು ಓಡಿಸಲೂ ಇಲ್ಲ. ಮೀಟರ್‌ನಲ್ಲಿ 41 ಸಾವಿರ ಕಿಲೋಮೀಟರ್ ನೋಡಿದರು, ತಲೆ ಅಲ್ಲಾಡಿಸಿದರು, ಹೋದರು. ಹುಡುಗನಿಗೆ ಗಾಡಿ ಮೇಲೆ ಆಸೆ, ಎಂಜಿನ್ ಮೇಲೆ ಭಯ. ಹತ್ತಿರ ಹತ್ತಿರ ಒಂದು ವರ್ಷದ ಉಳಿತಾಯ ಅದು. ಹಾಗಾಗಿ ಸುಮ್ನೆ ಒಂದು ಮಾತು ಹೇಳಿ ಕಳಿಸಲು ನನಗೆ ಮನಸ್ಸಾಗಲಿಲ್ಲ.

ಮಾರುವವರು ತೋರಣಗಲ್ಲಿನ ಕಡೆ ಕೆಲಸಕ್ಕೆ ಹೋಗುವವರು. ಫೋನ್ ಮಾಡಿ ಕೇಳಿದೆ. "ಅಣ್ಣಾ, ಎರಡು ಸಾವಿರ ಟೋಕನ್ ಕೊಡ್ತೀವಿ. ಎರಡು ದಿನ ಗಾಡಿ ನನ್ನ ಗ್ಯಾರೇಜಿನಲ್ಲಿರಲಿ. ಬೇಕಾದರೆ ಕವರ್ ಬಿಚ್ಚಿ ನೋಡ್ತೀನಿ, ಮೊದಲಿನ ಹಾಗೇ ಕೂರಿಸಿ ಕೊಡ್ತೀನಿ." ಅವರು ತಕ್ಷಣ ಒಪ್ಪಿದರು. ಇದೂ ಒಂದು ತಪಾಸಣೆಯೇ. ಬಿಚ್ಚಿ ನೋಡಲು ಬಿಡದ ಗಾಡಿಯನ್ನು ನಾನು ಯಾರಿಗೂ ಕೊಡಿಸಿಲ್ಲ.

ಕಾಗದದ ಮೇಲಿನ ಶಕ್ತಿ

ಗಾಡಿ ನೋಡುವ ಮುಂಚೆ ಹುಡುಗನನ್ನು ಕೂರಿಸಿಕೊಂಡು ಲೆಕ್ಕ ಹೇಳಿದೆ. ಏರಾಕ್ಸ್ ಒಂದು ಮ್ಯಾಕ್ಸಿ ಸ್ಕೂಟರ್. ಮ್ಯಾಕ್ಸಿ ಅಂದರೆ ಅಗಲ ಮೈ, ದೊಡ್ಡ ಸೀಟು. ಒಳಗಿನ ಎಂಜಿನ್ ಒಂದೊಂದರಲ್ಲಿ ಒಂದೊಂದು ತರ. ಸುಝುಕಿ ಬರ್ಗ್‌ಮನ್ ಸ್ಟ್ರೀಟ್ 2018ರಲ್ಲಿ ಬಂತು. 124 ಸಿಸಿ, 8.7 ಪಿಎಸ್. ಪಿಎಸ್ ಅಂದರೆ ಎಂಜಿನ್ ಶಕ್ತಿಯ ಅಳತೆ. ಏಪ್ರಿಲಿಯಾ ಎಸ್‌ಎಕ್ಸ್‌ಆರ್ 160 ಬಂದಿದ್ದು 2020ರ ಡಿಸೆಂಬರ್‌ನಲ್ಲಿ. ಅದು 160 ಸಿಸಿ, ಸುಮಾರು 11 ಪಿಎಸ್. ಯಮಹಾ ಏರಾಕ್ಸ್ 155 ಬಂದಿದ್ದು 2021ರ ಸೆಪ್ಟೆಂಬರ್‌ನಲ್ಲಿ. 155 ಸಿಸಿ, ಆದರೆ 15 ಪಿಎಸ್. ಸಿಸಿ ಕಮ್ಮಿ, ಶಕ್ತಿ ಜಾಸ್ತಿ. ನೀರಿನಿಂದ ತಂಪಾಗುವ ಎಂಜಿನ್, ನಾಲ್ಕು ವಾಲ್ವ್, ಜಾಸ್ತಿ ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿಯನ್ನು ಒತ್ತುವ ಒತ್ತಡ), ಜೊತೆಗೆ ವಿವಿಎ, ಅಂದರೆ ಸ್ಪೀಡಿಗೆ ತಕ್ಕ ಹಾಗೆ ವಾಲ್ವ್ ತೆರೆಯುವುದನ್ನು ಬದಲಿಸುವ ವ್ಯವಸ್ಥೆ. ಅದಕ್ಕೇ ಆರ್‌ಸಿ ಕಾರ್ಡಿನಲ್ಲಿ ಸಿಸಿ ನೋಡಿ ಶಕ್ತಿ ಊಹಿಸಬಾರದು.

ಜನ ಪಿಎಸ್, ಬಿಎಚ್‌ಪಿ ಎರಡನ್ನೂ ಒಂದೇ ಅಂದುಕೊಂಡಿರುತ್ತಾರೆ. ಒಂದು ಪಿಎಸ್ ಅಂದರೆ 735.5 ವ್ಯಾಟ್, ಒಂದು ಬಿಎಚ್‌ಪಿ ಅಂದರೆ 745.7 ವ್ಯಾಟ್. ಏರಾಕ್ಸ್‌ನ 11 ಕಿಲೋವ್ಯಾಟ್ ಪಿಎಸ್ ಲೆಕ್ಕದಲ್ಲಿ 15, ಬಿಎಚ್‌ಪಿ ಲೆಕ್ಕದಲ್ಲಿ 14.75. ವ್ಯತ್ಯಾಸ ಚಿಕ್ಕದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದ ಅಂಕಿ ಬೇರೆ ಇದೆ. ಆ 15 ಪಿಎಸ್ ಸಿಗುವುದು 8,000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗುವಾಗ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಮೊದಲ ದಿನ

ಬೆಳಿಗ್ಗೆ ಗಾಡಿ ತರಲು ನಾವೇ ಅವರ ಮನೆಗೆ ಹೋದೆವು. ಮೊದಲು ಎಂಜಿನ್ ಮೇಲೆ ಕೈ ಇಟ್ಟು ನೋಡಿದೆ. ತಣ್ಣಗಿತ್ತು. ಎಷ್ಟೋ ಜನ ಗಿರಾಕಿ ಬರುವ ಮುಂಚೆನೇ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿರುತ್ತಾರೆ. ರಿಂಗ್ ಸವೆದಿದ್ದರೆ, ವಾಲ್ವ್ ಸೀಲ್ ಹೋಗಿದ್ದರೆ, ರಾತ್ರಿಯೆಲ್ಲ ನಿಂತ ಗಾಡಿ ಮೊದಲ ಸ್ಟಾರ್ಟಿಗೆ ನೀಲಿ ಹೊಗೆ ಬಿಡುತ್ತದೆ. ಬಿಸಿ ಗಾಡಿಯಲ್ಲಿ ಅದು ಎದ್ದು ಕಾಣಲ್ಲ. ಸೈಲೆನ್ಸರ್ ಹಿಂದೆ ಬಿಳಿ ಕರ್ಚೀಫ್ ಹಿಡಿದು ಸ್ಟಾರ್ಟ್ ಮಾಡಿಸಿದೆ. ಹೊಗೆ ಇಲ್ಲ, ಎಣ್ಣೆ ಕಲೆ ಇಲ್ಲ. ಸದ್ದೂ ನೆಟ್ಟಗಿತ್ತು.

41 ಸಾವಿರದ ಬಗ್ಗೆ ಕೇಳಿದೆ. "ದಿನಾ ಹೋಗೋದು ಬರೋದು ಸೇರಿ 60 ಕಿಲೋಮೀಟರ್ ಸಾರ್" ಅಂದರು. ತಿಂಗಳಿಗೆ 25 ದಿನ ಅಂದರೆ 1,500. ಗಾಡಿ ತಗೊಂಡು 27 ತಿಂಗಳು, ಅಂದರೆ 40 ಸಾವಿರದ ಮೇಲೆ. ಮೀಟರ್ ಸುಳ್ಳು ಹೇಳುತ್ತಿಲ್ಲ ಅಂತ ಸಮಾಧಾನವಾಯಿತು. ಹೆದ್ದಾರಿಯಲ್ಲಿ ಒಂದೇ ಸ್ಪೀಡಿನಲ್ಲಿ ಓಡಿದ 41 ಸಾವಿರಕ್ಕೂ, ಊರೊಳಗೆ ನಿಂತು ನಿಂತು ಓಡಿದ 41 ಸಾವಿರಕ್ಕೂ ಭಾಳ ಫರಕ್ ಇದೆ. ತಣ್ಣನೆ ಎಂಜಿನ್ನನ್ನು ದಿನಕ್ಕೆ ಹತ್ತು ಸಲ ಸ್ಟಾರ್ಟ್ ಮಾಡಿ ಎರಡೆರಡು ಕಿಲೋಮೀಟರ್ ಓಡಿಸುವುದೇ ಎಂಜಿನ್ನಿಗೆ ಜಾಸ್ತಿ ಪೆಟ್ಟು. ಆದರೆ ಆ ದಾರಿಗೆ ಅದರದೇ ಕಾಟ ಇದೆ, ಧೂಳು. ಅದಿರು ಲಾರಿಗಳ ಹಿಂದೆ ಓಡಿದ ಗಾಡಿ ಕೆಂಪು ಮಣ್ಣು ಕುಡಿದಿರುತ್ತದೆ.

ಓಡಿಸುತ್ತಾ ಗ್ಯಾರೇಜಿಗೆ ತಂದೆ. ಹುಡುಗ ಹೇಳಿದ್ದು ನಿಜ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಗಾಡಿ ಸೋಮಾರಿಯ ಹಾಗೆ ನಿಧಾನ ಏರುತ್ತಿತ್ತು. ನಡುಕ ಇಲ್ಲ, ಒರಟು ಸದ್ದಿಲ್ಲ, ಬರೀ ಜೋರಿಲ್ಲ.

ಇಲ್ಲಿ ಅವಸರ ಮಾಡಬಾರದು. ಎಂಜಿನ್ನನ್ನು ಬೈಯುವ ಮುಂಚೆ ಗಾಡಿಯನ್ನು ಬೇರೆ ಏನಾದರೂ ಹಿಡಿದೆಳೆಯುತ್ತಿದೆಯಾ ನೋಡಬೇಕು. ಮೇನ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದೆ. ಡ್ರಮ್ ಬ್ರೇಕ್ ಎಲ್ಲೂ ಹಿಡಿಯಲಿಲ್ಲ. ಮುಂದಿನ ಡಿಸ್ಕ್ ಕೂಡ ಸಲೀಸು. ಟೈರ್‌ಗಳಲ್ಲಿ ಗಾಳಿ ಕಮ್ಮಿ ಇತ್ತು, ತುಂಬಿಸಿದೆ. ಆಕ್ಸಿಲರೇಟರ್ ಕೇಬಲ್ ಸಡಿಲವಾಗಿದ್ದರೆ ಒಳಗಿನ ಬಾಗಿಲು ಪೂರ್ತಿ ತೆರೆಯಲ್ಲ, ಅದನ್ನೂ ನೋಡಿದೆ. ಸರಿ ಇತ್ತು. ಕೂಲೆಂಟ್ ಮಟ್ಟ ಸರಿ, ಎಣ್ಣೆ ಕಪ್ಪಾಗಿತ್ತು ನಿಜ, ಆದರೆ ಹಾಲು ಬೆರೆತ ಚಹಾದ ಬಣ್ಣ ಇರಲಿಲ್ಲ. ಆ ಬಣ್ಣ ಬಂದರೆ ನೀರು ಎಣ್ಣೆಗೆ ಸೇರಿದೆ ಅಂತ ಅರ್ಥ.

ಎಂಜಿನ್ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿದೆ, ಕೂಡಿತು. ಬೋರ್ ದೊಡ್ಡದು ಮಾಡಿಸಿದ ಗುರುತು ಏನಾದರೂ ಇದೆಯಾ ಅಂತಲೂ ಹೆಡ್ ಬೋಲ್ಟ್‌ಗಳನ್ನು ನೋಡಿದೆ. ಪಾನಾ ಬಿದ್ದ ಗುರುತೇ ಇರಲಿಲ್ಲ. ಜೋರು ಜಾಸ್ತಿ ಇರುವ ಗಾಡಿಯಲ್ಲೂ ಇದನ್ನು ನೋಡಲೇಬೇಕು. ಕಂಪನಿ ಕೊಟ್ಟ ಎಂಜಿನ್ನನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡಲ್ಲ. ಅಪಘಾತ ಆದಾಗ ಇನ್ಶೂರೆನ್ಸ್ ಕೂಡ ತಕರಾರು ಆಗುತ್ತದೆ.

ಮೋಕಾ ದಾರಿಯ ಅಳತೆ

ನನ್ನ ಗ್ಯಾರೇಜಿನಲ್ಲಿ ಶಕ್ತಿ ಅಳೆಯುವ ಡೈನೋ ಯಂತ್ರ ಇಲ್ಲ. ಆದರೆ ಹೋಲಿಸಿ ನೋಡಲು ಅದು ಬೇಕಿಲ್ಲ. ನಮ್ಮ ಗಿರಾಕಿ ಒಬ್ಬರು, ಕಾಲೇಜಿನಲ್ಲಿ ಪಾಠ ಮಾಡುವವರು, ಅವರ ಹತ್ತಿರ ಇದೇ ಮಾಡೆಲ್ ಇದೆ. ಒಂಬತ್ತು ಸಾವಿರ ಓಡಿದ್ದು, ಸರ್ವಿಸ್ ಎಲ್ಲ ನನ್ನ ಕೈಯಲ್ಲೇ. ಕೇಳಿದಾಗ "ತಗೊಂಡು ಹೋಗ್ರಿ, ಅದರಲ್ಲೇನಿದೆ" ಅಂತ ಕೀಲಿ ಕೊಟ್ಟರು.

ಮರುದಿನ ಬೆಳಿಗ್ಗೆ ಆರಕ್ಕೆ ಸಿರುಗುಪ್ಪ ರಸ್ತೆಯಲ್ಲಿ ಮೋಕಾ ಕಡೆ ಹೋದೆವು. ಬೆಳಿಗ್ಗೆನೇ ಯಾಕೆ ಅಂದರೆ, ಒಂದು, ರಸ್ತೆ ಖಾಲಿ. ಇನ್ನೊಂದು, ನಮ್ಮ ಬಿಸಿಲು. 40 ಡಿಗ್ರಿಯಲ್ಲಿ ಗಾಳಿ ತೆಳ್ಳಗಾಗುತ್ತದೆ. 25 ಡಿಗ್ರಿಗಿಂತ ಸುಮಾರು ನೂರಕ್ಕೆ ಐದರಷ್ಟು ಕಮ್ಮಿ ಗಾಳಿ ಎಂಜಿನ್ ಒಳಗೆ ಹೋಗುತ್ತದೆ. ಒಂದು ಗಾಡಿಯನ್ನು ಬೆಳಿಗ್ಗೆ, ಇನ್ನೊಂದನ್ನು ಮಧ್ಯಾಹ್ನ ಓಡಿಸಿದರೆ ಒಳ್ಳೆ ಗಾಡಿಗೂ ಕೆಟ್ಟ ಹೆಸರು ಬರುತ್ತದೆ.

ಕ್ರಮ ಸರಳ. ಎರಡೂ ಗಾಡಿಗಳನ್ನು ಹತ್ತು ಕಿಲೋಮೀಟರ್ ಓಡಿಸಿ ಬಿಸಿ ಮಾಡಿದೆವು. ಎರಡನ್ನೂ ಹುಡುಗನೇ ಓಡಿಸಿದ. ಹೆಲ್ಮೆಟ್ ಸೇರಿ ಅವನ ತೂಕ 74 ಕಿಲೋ. ಹ್ಯಾಂಡಲ್ ಹತ್ತಿರ ಫೋನ್ ಕಟ್ಟಿ ಮೀಟರ್‌ನ ವಿಡಿಯೊ. 30ರಲ್ಲಿ ಸಮನಾಗಿ ಹೋಗಬೇಕು, ಆಕ್ಸಿಲರೇಟರ್ ಒಂದೇ ಸಲ ಪೂರ್ತಿ ತಿರುಗಿಸಬೇಕು, 60 ಮುಟ್ಟಿದ ಕೂಡಲೇ ಬಿಡಬೇಕು. ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ. ಗಾಳಿ, ಇಳಿಜಾರು ಎರಡೂ ಇದರಲ್ಲಿ ಕಳೆದುಹೋಗುತ್ತವೆ. 60ರ ಮೇಲೆ ಹೋಗುವ ಅಗತ್ಯವೇ ಇಲ್ಲ. ಟಾಪ್ ಸ್ಪೀಡ್ ನೋಡ್ತೀನಿ ಅಂತ ಹೊರಡುವ ಹುಡುಗರಿಗೆ ಕೈ ಮುಗಿದು ಹೇಳುತ್ತೇನೆ, ಅದರಿಂದ ಗೊತ್ತಾಗುವುದು ಕಮ್ಮಿ, ಅಪಾಯ ಜಾಸ್ತಿ.

ನಮ್ಮ ಮೇಷ್ಟ್ರ ಗಾಡಿಯ ಸರಾಸರಿ 3.3 ಸೆಕೆಂಡ್. ಕೊಳ್ಳಬೇಕಾದ ಗಾಡಿಯದ್ದು 4.9.

ರಸ್ತೆ ಪಕ್ಕ ಬೇವಿನ ಮರದ ಕೆಳಗೆ ಕೂತು ಲೆಕ್ಕ ಹಾಕಿದೆವು. ಗಾಡಿ ತೂಕ 126 ಕಿಲೋ, ಹುಡುಗ 74, ಒಟ್ಟು 200. 30ರಿಂದ 60ಕ್ಕೆ ಏರಿಸಲು ಬೇಕಾಗುವ ಚಲನ ಶಕ್ತಿ ಸುಮಾರು 20,800 ಜೂಲ್. 3.3ರಿಂದ ಭಾಗಿಸಿದರೆ 6.3 ಕಿಲೋವ್ಯಾಟ್. 4.9ರಿಂದ ಭಾಗಿಸಿದರೆ 4.2. ಗಾಳಿಯ ತಡೆ, ಟೈರಿನ ತಡೆ ಇದರಲ್ಲಿ ಸೇರಿಲ್ಲ. ಮೀಟರ್ ಕೂಡ ನಿಜವಾದ ಸ್ಪೀಡಿಗಿಂತ ಸ್ವಲ್ಪ ಜಾಸ್ತಿನೇ ತೋರಿಸುತ್ತದೆ. ಹಾಗಾಗಿ ಇದು ಕಂಪನಿಯ 11 ಕಿಲೋವ್ಯಾಟಿಗೆ ಹೋಲಿಸುವ ಅಂಕಿ ಅಲ್ಲ. ಒಂದೇ ಮಾಡೆಲ್‌ನ ಎರಡು ಗಾಡಿಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಮಾತ್ರ. ಮೂರರಲ್ಲಿ ಒಂದು ಪಾಲು ಜೋರು ಎಲ್ಲೋ ಮಾಯವಾಗಿತ್ತು.

ಹುಡುಗನ ಮುಖ ಬಾಡಿತು. "ಬೋರ್ ಹೋಗಿರೋದೇ ನಿಜ ಅಲ್ವಾ ಮಾಮಾ?"

"ತಡಿಯಪಾ. ವಿಡಿಯೊ ಇನ್ನೊಂದು ಸಲ ಹಾಕು."

ಸ್ಪೀಡ್ ನೋಡುವ ಗಡಿಬಿಡಿಯಲ್ಲಿ ನಾವು ಮೀಟರ್‌ನಲ್ಲಿ ಆರ್‌ಪಿಎಂ ತೋರಿಸುವ ಪಟ್ಟಿ ನೋಡಿರಲಿಲ್ಲ. ಮೇಷ್ಟ್ರ ಗಾಡಿಯಲ್ಲಿ ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಪಟ್ಟಿ 7,000ದ ಹತ್ತಿರ ಹೋಗಿ ನಿಲ್ಲುತ್ತಿತ್ತು. ಮೀಟರ್‌ನಲ್ಲಿ ವಿವಿಎ ಅಂತ ಗುರುತು ಬೆಳಗುತ್ತಿತ್ತು. ಈ ಗಾಡಿಯಲ್ಲಿ ಪಟ್ಟಿ 5,000ದ ಆಸುಪಾಸಿನಲ್ಲೇ ಕೂತಿತ್ತು. ಆರೂ ಓಟದಲ್ಲಿ ವಿವಿಎ ಗುರುತು ಒಂದು ಸಲವೂ ಬೆಳಗಲಿಲ್ಲ.

ಈ ಎಂಜಿನ್ನಿನಲ್ಲಿ ಗಾಳಿ ಎಳೆಯುವ ವಾಲ್ವ್‌ಗಳಿಗೆ ಎರಡು ತರದ ಕ್ಯಾಮ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ಇವೆ. 6,000 ಆರ್‌ಪಿಎಂ ಕೆಳಗೆ ಒಂದು, ಮೇಲೆ ಇನ್ನೊಂದು. ಮೇಲಿನದ್ದು ವಾಲ್ವನ್ನು ಜಾಸ್ತಿ ತೆರೆಸುತ್ತದೆ. 6,000 ಮುಟ್ಟದೆ ಇದ್ದರೆ ಎಂಜಿನ್ನಿನ ಒಳ್ಳೆ ಅರ್ಧ ಬಳಕೆಗೇ ಬರಲ್ಲ. ಕಂಪನಿ ಅಂಕಿಯಲ್ಲೇ ನೋಡಿ, 6,500ರಲ್ಲಿ 13.9 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಅದು 9.5 ಕಿಲೋವ್ಯಾಟ್ ಆಗುತ್ತದೆ. 5,000ದಲ್ಲಿ 13 ಅಂತಲೇ ಇಟ್ಟುಕೊಂಡರೂ 6.8 ದಾಟಲ್ಲ. ಅಂದರೆ ಎಂಜಿನ್ ಗಟ್ಟಿ ಇದ್ದರೂ ಗಾಡಿ ಹೀಗೇ ಓಡುತ್ತದೆ.

ಸ್ಕೂಟರಿನಲ್ಲಿ ಎಂಜಿನ್ನಿನ ಜೋರನ್ನು ಹಿಂದಿನ ಚಕ್ರದ ಕಡೆ ಒಯ್ಯುವುದು ಎರಡು ಪುಲ್ಲಿಗಳ ಮೇಲೆ ಓಡುವ ಬೆಲ್ಟ್. ಆರ್‌ಪಿಎಂ ಏರುತ್ತದೆ, ಗಾಡಿ ಏರಲ್ಲ ಅಂದರೆ ಬೆಲ್ಟ್ ಅಥವಾ ಕ್ಲಚ್ ಜಾರುತ್ತಿದೆ. ಆರ್‌ಪಿಎಂ ಏರುವುದೇ ಇಲ್ಲ ಅಂದರೆ ಎರಡು ದಾರಿ. ಎಂಜಿನ್ ಸೋತಿದೆ, ಇಲ್ಲವೇ ಪುಲ್ಲಿಯೊಳಗಿನ ರೋಲರ್‌ಗಳು ಅದನ್ನು ಏರಲು ಬಿಡುತ್ತಿಲ್ಲ. ಗೇರ್ ಬೈಕ್ ಓಡಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 20ರ ಸ್ಪೀಡಿಗೇ ನಾಲ್ಕನೇ ಗೇರ್ ಹಾಕಿ ಆಕ್ಸಿಲರೇಟರ್ ತಿರುಗಿಸಿ ನೋಡಿ. ಹಾಗೇ ಇದು. ಸ್ಕೂಟರಿನಲ್ಲಿ ಗೇರ್ ಹಾಕುವುದು ಕಾಲಲ್ಲ, ಮುಂದಿನ ಪುಲ್ಲಿಯೊಳಗೆ ತಿರುಗುತ್ತಾ ಹೊರಕ್ಕೆ ಸರಿಯುವ ಆರು ರೋಲರ್. ಅವು ಭಾರ ಆದರೆ ಬೇಗ ಹೊರಗೆ ಸರಿಯುತ್ತವೆ, ಬೆಲ್ಟನ್ನು ಬೇಗ ಮೇಲಿನ ಗೇರಿಗೆ ತಳ್ಳುತ್ತವೆ.

ಬಿಚ್ಚಿ ನೋಡಿದ್ದು

ಎರಡರಲ್ಲಿ ಯಾವುದು ಅಂತ ತಿಳಿಯಲು ಮೊದಲು ಕಂಪ್ರೆಶನ್ ನೋಡಿದೆ. ಎಂಜಿನ್ ಬಿಸಿ, ಪ್ಲಗ್ ಹೊರಗೆ, ಪೆಟ್ರೋಲ್ ಬಂದ್, ಆಕ್ಸಿಲರೇಟರ್ ಪೂರ್ತಿ ತೆರೆದು ಸೆಲ್ಫ್ ಹೊಡೆಯಬೇಕು. ಆಕ್ಸಿಲರೇಟರ್ ತೆರೆಯದೆ ಅಳೆದು ಕಂಪ್ರೆಶನ್ ಇಲ್ಲ ಅಂದವರನ್ನು ನಾನೇ ನೋಡಿದ್ದೇನೆ. ಮೇಷ್ಟ್ರ ಗಾಡಿಯನ್ನೂ ಅದೇ ಗೇಜಿನಲ್ಲಿ ಅಳೆದೆ. ಎರಡರ ನಡುವೆ ಮುಳ್ಳಿನ ವ್ಯತ್ಯಾಸ 5 ಪಿಎಸ್ಐ (ಒತ್ತಡದ ಅಳತೆ) ಕೂಡ ಇರಲಿಲ್ಲ. ತುಂಬಾ ಇಳಿದಿದ್ದರೆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯುತ್ತಿದ್ದೆ. ಆಗ ಮುಳ್ಳು ಏರಿದರೆ ರಿಂಗಿನ ದೋಷ, ಏರದಿದ್ದರೆ ವಾಲ್ವಿನದು. ಅದರ ಅಗತ್ಯ ಬೀಳಲಿಲ್ಲ. ಪ್ಲಗ್ಗಿನ ತುದಿ ಸ್ವಲ್ಪ ಕಪ್ಪಗಿತ್ತು, ಎಣ್ಣೆ ಮೆತ್ತಿರಲಿಲ್ಲ.

ಆಮೇಲೆ ಏರ್ ಫಿಲ್ಟರ್ ತೆಗೆದೆ. ಕಾಗದದ ಮಡಿಕೆಗಳ ತುಂಬಾ ಕೆಂಪು ಧೂಳು. ಬೆರಳಿಂದ ತಟ್ಟಿದರೆ ನೆಲದ ಮೇಲೆ ಕುಂಕುಮ ಚೆಲ್ಲಿದ ಹಾಗೆ ಬಿತ್ತು. ಇದೂ ಒಂದು ಕಾರಣ, ಆದರೆ ಇಷ್ಟರಿಂದಲೇ ಮೂರರಲ್ಲಿ ಒಂದು ಪಾಲು ಜೋರು ಹೋಗಲ್ಲ.

ಎಡಗಡೆ ಬೆಲ್ಟ್ ಕವರ್ ಬಿಚ್ಚಿದೆ. ಬೆಲ್ಟ್ ಹೊಸದರ ಹಾಗಿರಲಿಲ್ಲ, ಅಂಚಿನಲ್ಲಿ ಹೊಳಪು ಬಂದಿತ್ತು. ಪುಲ್ಲಿ ತೆಗೆದು ಆರೂ ರೋಲರ್ ಕೈಗೆ ಹಾಕಿಕೊಂಡೆ. ಕಂಪನಿಯ ಗುರುತು ಇರಲಿಲ್ಲ. ಒಂದನ್ನು ಗಾಜಿನ ಮೇಲೆ ಉರುಳಿಸಿದರೆ ಟಕ್ ಟಕ್ ಅಂತ ಸದ್ದು. ಒಂದು ಕಡೆ ಚಪ್ಪಟೆಯಾಗಿ ಸವೆದಿತ್ತು. ಇನ್ನೂ ಎರಡರ ಗತಿಯೂ ಅದೇ. ಅಂಗಡಿಯಿಂದ ಕಂಪನಿಯ ಹೊಸ ಸೆಟ್ ತರಿಸಿ, ಎರಡನ್ನೂ ನಮ್ಮ ಬೀದಿಯ ಅಕ್ಕಸಾಲಿಗರ ಹತ್ತಿರ ಒಯ್ದೆ. ಚಿನ್ನ ತೂಗುವ ಪುಟ್ಟ ತಕ್ಕಡಿಯಲ್ಲಿ ಒಂದೊಂದಾಗಿ ಇಟ್ಟರು. ಹಳೆಯವು ಸವೆದ ಮೇಲೂ ಒಂದೊಂದೂ ಹೊಸದಕ್ಕಿಂತ 3 ಗ್ರಾಂ ಜಾಸ್ತಿ ತೂಗಿದವು.

ಮಾರುವವರಿಗೆ ಫೋನ್ ಮಾಡಿದೆ. "ಅಣ್ಣಾ, ರೋಲರ್ ಯಾವಾಗ ಬದಲಾಯಿಸಿದಿರಿ?" ಅವರು ಮುಚ್ಚಿಡಲಿಲ್ಲ. 24 ಸಾವಿರದಲ್ಲಿ ಬೆಲ್ಟ್ ಹಾಕಿಸುವಾಗ ಯಾರೋ "ಭಾರದ ರೋಲರ್ ಹಾಕಿಸಿ, ಮೈಲೇಜ್ ಬರುತ್ತದೆ" ಅಂದಿದ್ದರಂತೆ. ದಿನಾ 60 ಕಿಲೋಮೀಟರ್ ಓಡುವವರಿಗೆ ಪೆಟ್ರೋಲ್ ಚಿಂತೆ ಇದ್ದೇ ಇರುತ್ತದೆ, ಅವರ ತಪ್ಪು ಅಂತ ನನಗೆ ಅನಿಸಲಿಲ್ಲ. ಜೋರು ಕಮ್ಮಿಯಾಗಿದ್ದನ್ನು "ಗಾಡಿಗೆ ವಯಸ್ಸಾಯ್ತು" ಅಂದುಕೊಂಡಿದ್ದರು.

ದರದ ಮಾತು

ಇಲ್ಲಿ ಹುಡುಗ ಒಂದು ಮಾತು ಹೇಳಿದ. "ಮಾಮಾ, ಎಂಜಿನ್ ಹೋಗೈತೆ ಅಂತಲೇ ಹೇಳೋಣ. 25 ಸಾವಿರ ಇಳಿಸ್ತಾರೆ."

ನನಗೆ ಸಿಟ್ಟು ಬಂತು. ಟೋಕನ್ ಮೇಲೆ ನಂಬಿ ಗಾಡಿ ಬಿಟ್ಟು ಹೋದವರು. ಬಿಚ್ಚಿ ನೋಡಲು ಒಪ್ಪಿದವರು. ಅವರ ಗಾಡಿಯ ಬಗ್ಗೆ ನನ್ನ ಬಾಯಲ್ಲಿ ಸುಳ್ಳು ಬಂದರೆ, ನಾಳೆ ನನ್ನ ಗ್ಯಾರೇಜಿನ ಮಾತಿಗೆ ಏನು ಬೆಲೆ? ಹುಡುಗನಿಗೆ ಅಷ್ಟೇ ಹೇಳಿದೆ. ಅವನು ತಲೆ ತಗ್ಗಿಸಿದ. ಒಳ್ಳೆಯವನೇ, ದುಡ್ಡಿನ ಅವಸರ ಹಾಗೆ ಆಡಿಸುತ್ತದೆ.

ಮಾರುವವರನ್ನು ಗ್ಯಾರೇಜಿಗೆ ಕರೆಸಿ ಎಲ್ಲವನ್ನೂ ಮೇಜಿನ ಮೇಲೆ ಹರಡಿದೆ. ವಿಡಿಯೊ ತೋರಿಸಿದೆ, ರೋಲರ್ ತೋರಿಸಿದೆ. ಎಂಜಿನ್ ಗಟ್ಟಿ ಇದೆ ಅಂತಲೂ ಹೇಳಿದೆ. ಬೆಲ್ಟ್, ರೋಲರ್, ಸ್ಲೈಡರ್, ಏರ್ ಫಿಲ್ಟರ್, ಪ್ಲಗ್, ಎಣ್ಣೆ, ಮಜೂರಿ ಎಲ್ಲ ಸೇರಿ 4,800 ರೂಪಾಯಿ ಪಟ್ಟಿ ಮಾಡಿದೆ. ಹಿಂದಿನ ಟೈರಿನ ಆಯಸ್ಸು ಮುಗಿಯುತ್ತಾ ಬಂದಿತ್ತು, ಅದರ ಮಾತೂ ಬಂತು. ಕೊನೆಗೆ 78 ಸಾವಿರಕ್ಕೆ ನಿಂತಿತು. ಇಬ್ಬರೂ ಮುಖ ಗಂಟು ಹಾಕಿಕೊಳ್ಳದೆ ಎದ್ದರು.

ಕಾಗದದ ಕೆಲಸದಲ್ಲಿ ತೊಡಕಿರಲಿಲ್ಲ. ಗಾಡಿಯೂ ಕೆಎ-34, ಹುಡುಗನೂ ಬಳ್ಳಾರಿಯವನು, ಬೇರೆ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕಾಗಲಿಲ್ಲ. ಹೊಸಪೇಟೆಯ ಕೆಎ-35, ರಾಯಚೂರಿನ ಕೆಎ-36, ಕೊಪ್ಪಳದ ಕೆಎ-37 ಗಾಡಿ ತರುವವರು ಅದನ್ನು ಮೊದಲೇ ಕೇಳಿಕೊಳ್ಳಬೇಕು. ಸಾಲದ ಮೇಲೆ ತಗೊಂಡಿದ್ದ ಗಾಡಿ ಇದು. ಸಾಲ ತೀರಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇತ್ತು. ಫಾರಂ 35 ಕೊಟ್ಟು ಅದನ್ನು ತೆಗೆಸಿದ ಮೇಲೆಯೇ ಗಾಡಿ ಹೆಸರು ಬದಲಾಯಿಸುವ ಫಾರಂ 29 ಮತ್ತು 30ಕ್ಕೆ ಸಹಿ, ಪೂರ್ತಿ ಹಣ.

ಮತ್ತೆ ಅದೇ ರಸ್ತೆ

ಭಾಗಗಳನ್ನು ಹಾಕಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಮೋಕಾ ದಾರಿಗೆ ಹೋದೆವು. ಅದೇ ಹೊತ್ತು, ಅದೇ ಹುಡುಗ, ಹೋಗುವಾಗ ಮೂರು, ಬರುವಾಗ ಮೂರು. ಮೊದಲ ಓಟದಲ್ಲೇ ಅವನು ದೂರದಿಂದ ಕೈ ಎತ್ತಿ ಕೂಗಿದ. ನನಗೆ ಕೇಳಿಸಲಿಲ್ಲ. ಹತ್ತಿರ ಬಂದ ಮೇಲೆ ಹೆಲ್ಮೆಟ್ ತೆಗೆದು "ಲೈಟ್ ಬಂತು ಮಾಮಾ" ಅಂದ. ವಿಡಿಯೊದಲ್ಲಿ ಪಟ್ಟಿ 7,000ದ ಹತ್ತಿರ, ಪಕ್ಕದಲ್ಲಿ ವಿವಿಎ ಗುರುತು. ಸರಾಸರಿ 3.4 ಸೆಕೆಂಡ್. ಮೇಷ್ಟ್ರ ಗಾಡಿಗಿಂತ ಸೆಕೆಂಡಿನ ಹತ್ತನೇ ಒಂದು ಭಾಗ ಹಿಂದೆ. 41 ಸಾವಿರ ಓಡಿದ ಎಂಜಿನ್ನಿಗೆ ಅದು ದೊಡ್ಡ ಮಾತು.

ಮೈಲೇಜ್ ಲೆಕ್ಕವನ್ನೂ ಹುಡುಗನಿಂದ ಬರೆಸಿದೆ. ಒಂದು ತಿಂಗಳು, ಪ್ರತಿ ಸಲ ಅದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿ. ಭಾರದ ರೋಲರ್ ಇದ್ದಾಗ 42 ಬರುತ್ತಿತ್ತು ಅಂತ ಮಾರಿದವರು ಹೇಳಿದ್ದರು. ಈಗ ಕುರುಗೋಡಿಗೆ ಹೋಗಿ ಬಂದು 41 ಬರುತ್ತಿದೆ.